ಕೊರಳಲ್ಲಿರುವುದು ಐದೋ, ಆರೋ

ಬೆಳಗ್ಗೆ ಎದ್ದು ನೀಲಗಂಗವ್ವ ಗಂಡನಿಗೆ ಬೈದಳು. ಬೈಗುಳ ಹೊರಗೆ ಬರಲಿಲ್ಲ.

ಕಾರಣ ದೊಡ್ಡದೇನಲ್ಲ. ಫಕ್ಕೀರಪ್ಪ ಎಂದಿನಂತೆ ಸೇದಿ ಬಿಟ್ಟ ಬೀಡಿಯ ತುಂಡನ್ನು ಅನ್ನದ ಗಡಿಗೆಯ ಮುಚ್ಚಳದ ಮೇಲೆ ಇಟ್ಟಿದ್ದ. "ನಿನ್ನ ಕೈ ಸೇದಿ ಹೋಗ್ಲಿ, ಇದೇನ ಅನ್ನದ ಗಡಿಗ್ಯೋ ಸುಡುಗಾಡೋ" ಎಂದು ಅವಳ ತುಟಿ ಆಡಿತು, ನಾಲಿಗೆ ಹೊರಳಿತು, ಉಸಿರು ಎದೆಯಿಂದ ನುಗ್ಗಿತು. ಆದರೆ ಅವಳ ಪರವಾಗಿ ಮಾತಾಡುವ ಕೊರಳಪಟ್ಟಿಯಿಂದ ಬಂದ ಮಾತು ಬೇರೆ.

"ದಯವಿಟ್ಟು ಇದನ್ನು ಬೇರೆ ಕಡೆ ಇಡುವಿರಾ? ಧನ್ಯವಾದಗಳು."

ಫಕ್ಕೀರಪ್ಪ ಅವಳನ್ನು ನೋಡಿದ. ಹಿಂದೆ ಯಾರಾದರೂ ನಿಂತಿದ್ದಾರೇನೋ ಎಂದು ಬಗ್ಗಿ ನೋಡಿದ. ಆಮೇಲೆ ನಗಲು ಸುರುಮಾಡಿದವನು ಕೆಮ್ಮು ಬರುವತನಕ ನಕ್ಕ.

"ಯವ್ವಾ, ಬ್ಯಾಂಕಿನ ಬಾಯಿ ಬಂದೈತಲ್ಲ ನಿನಗ. ಇನ್ನೊಮ್ಮೆ ಅನ್ನು."

ಅವಳು ಇನ್ನೊಮ್ಮೆ ಅಂದಳು. ಈ ಸಲ ಅವನ ಅಪ್ಪ ಅಜ್ಜನನ್ನೂ ಸೇರಿಸಿದಳು. ಕೊರಳಪಟ್ಟಿ ಇನ್ನೂ ಮೆತ್ತಗೆ, "ನಿಮ್ಮ ಕುಟುಂಬದವರೆಲ್ಲರಿಗೂ ಒಳ್ಳೆಯದಾಗಲಿ" ಎಂದಿತು.

ಥಂಡಿಗೆ ಪಟ್ಟಿ ಕೆಟ್ಟಿರಬೇಕು ಎಂದುಕೊಂಡಳು. ಸೆರಗಿನ ತುದಿಯಿಂದ ಅದನ್ನು ಒರೆಸಿ, ಸ್ವಲ್ಪ ಸಡಿಲ ಮಾಡಿ ಮತ್ತೆ ಬಿಗಿದುಕೊಂಡಳು. ಹೊತ್ತಾಗಿತ್ತು. ಅಂದು ಪೇಟೆಯ ಸಭಾಭವನದಲ್ಲಿ ಅಹವಾಲು ಸಭೆ. ಅಲ್ಲಿ ಅವಳು ಹೇಳಬೇಕಾದದ್ದು ಒಂದೇ ಮಾತು: ಒಲ್ಲೆ.

ಕಾರಗೇರಿಯದು ಮೆಣಸಿನಕಾಯಿ ಪೇಟೆ. ಕೆಂಪು ರಾಶಿಗಳ ನಡುವೆ ಸಾಲಾಗಿ ಕೂತು ತೊಟ್ಟು ಬಿಡಿಸುವುದು ಹೆಂಗಸರ ಕೆಲಸ. ಪೇಟೆಯ ಹಿಂದೆ ಒಂದು ಶೀತಗೃಹವಿದೆ. ಕಾಯಿಯ ಬಣ್ಣ ಮಾಸದಂತೆ ಚೀಲಗಳನ್ನು ಥಂಡಿಯಲ್ಲಿ ಇಡುವ ಕಟ್ಟಡ. ಹಿಂದಿನ ಸುಗ್ಗಿಯಲ್ಲಿ ಅದರ ಹಳೆಯ ಕೊಳವೆ ಒಡೆದು ಅಮೋನಿಯಾ ಹೊರಬಿತ್ತು. ಚೀಲ ಒಟ್ಟಲು ಒಳಗೆ ಹೋಗಿದ್ದ ನೀಲಗಂಗವ್ವನ ಸಾಲಿನ ಹೆಂಗಸರೆಲ್ಲ ಬಾಗಿಲು ಬಡಿದರು, ಕೂಗಿದರು; ಕೂಗಿದಷ್ಟೂ ಅನಿಲ ಗಂಟಲಿಗೆ ಇಳಿಯಿತು. ಹಜರತಬಿ ಅಲ್ಲೇ ಸತ್ತಳು. ಉಳಿದವರು ಬದುಕಿದರು, ಆದರೆ ಅವರ ದನಿ ಸುಟ್ಟುಹೋಗಿತ್ತು.

ನ್ಯಾಯಾಲಯದ ಆದೇಶದಂತೆ ಪರಿಹಾರವಾಗಿ ಎಲ್ಲರಿಗೂ ಕೊರಳಪಟ್ಟಿ ಬಂತು. ಸುಸ್ವರ ಎಂಬ ಕಂಪನಿ ಮಾಡಿದ್ದು. ಗಂಟಲಿನ ಸ್ನಾಯುವಿನ ಅದುರು, ಉಸಿರಿನ ರಭಸ ಇವೆರಡನ್ನು ಹಿಡಿದು ಅದು ಪೇಟೆಯ ಕಚೇರಿಯಲ್ಲಿರುವ ಒಂದು ಪೆಟ್ಟಿಗೆಗೆ ಕಳಿಸುತ್ತದೆ. ಪೆಟ್ಟಿಗೆ ಅದನ್ನು ಮಾತಾಗಿ ಮಾಡಿ ಕೊರಳಿಗೇ ತಿರುಗಿ ಕೊಡುತ್ತದೆ. ಕಣ್ಣು ಮಿಟುಕಿಸುವಷ್ಟೂ ತಡವಿಲ್ಲ. ಮೊದಲ ದಿನ ಪಟ್ಟಿ ಕಟ್ಟಿಕೊಂಡು ನೀಲಗಂಗವ್ವ "ಹಜರತಬಿ" ಎಂದು ಕರೆದಾಗ ಬಂದದ್ದು ಅವಳ ಹಳೆಯ ಗೊಗ್ಗರು ದನಿಯೇ. ಸಾಲಿಗೆ ಸಾಲೇ ಅಂದು ಅತ್ತಿತ್ತು.

ಈಗ ಶೀತಗೃಹದ ಮಾಲೀಕನಿಗೆ ಕಟ್ಟಡವನ್ನು ಮತ್ತೆ ತೆರೆಯಬೇಕಾಗಿತ್ತು. ಕೊಳವೆ ಬದಲಾಯಿಸಿದ್ದೇನೆ ಎಂದು ಬರೆದುಕೊಟ್ಟಿದ್ದ. ನೀಲಗಂಗವ್ವ ಕಿಟಕಿಯಿಂದ ಇಣುಕಿ ನೋಡಿ ಬಂದಿದ್ದಳು. ಅವೇ ಕೊಳವೆ, ಹಸಿರು ಬಣ್ಣ ಬಳಿದದ್ದಷ್ಟೇ ಹೊಸದು. ಗಾಯಗೊಂಡವರು ಒಪ್ಪದೆ ಬಾಗಿಲು ತೆರೆಯುವಂತಿಲ್ಲ ಎಂದು ಆದೇಶದಲ್ಲಿತ್ತು. ತೆರೆದರೆ ಮೊದಲು ಒಳಗೆ ಹೋಗುವವಳು ಹಜರತಬಿಯ ಮಗಳು ಶಮೀಮ. ತಾಯಿಯ ಜಾಗದ ಕೆಲಸ ಅವಳಿಗೆ ಬಂದಿತ್ತು.

ಸಭಾಭವನದಲ್ಲಿ ಅಧಿಕಾರಿ ಎತ್ತರದಲ್ಲಿ ಕೂತಿದ್ದರು. ಅವರ ಹಿಂದೆ ದೊಡ್ಡ ಪರದೆ. ಆಡಿದ ಮಾತನ್ನು ಯಂತ್ರ ಹಿಡಿದು ಅದರ ಮೇಲೆ ಬರೆಯುತ್ತಿತ್ತು. ಅದೇ ದಾಖಲೆ. ಹೆಂಗಸರು ರಾಶಿಯ ಮುಂದೆ ಕೂತಂತೆ ಸಾಲಾಗಿ ಕೂತರು, ತುದಿಯಲ್ಲಿ ಸಾಲಿನ ಹಿರಿಯಳಾದ ನೀಲಗಂಗವ್ವ.

ಪೇಟೆಯ ಸಾಲಿಗೆ ಒಂದು ರೂಢಿಯಿದೆ. ಜರಡಿ ಯಂತ್ರದ ಗದ್ದಲದಲ್ಲಿ ಯಾರ ಮಾತೂ ಯಾರಿಗೂ ಕೇಳುವುದಿಲ್ಲ. ಹಾಗಾಗಿ ಸಾಲಿನ ಹಿರಿಯಳು ಮಾತಾಡುತ್ತಾಳೆ, ಉಳಿದವರು ಅವಳ ತುಟಿ ನೋಡಿ ಒಟ್ಟಿಗೆ "ಹೌದು" ಅನ್ನುತ್ತಾರೆ. ಕಿವಿಯನ್ನು ನೆಚ್ಚಿ ಅವರಿಗೆ ಅಭ್ಯಾಸವೇ ಇಲ್ಲ.

"ಶೀತಗೃಹ ತೆರೆಯೋದಕ್ಕೆ ನಿಮ್ಮ ಒಪ್ಪಿಗೆ ಇದೆಯೇನಮ್ಮ?" ಅಧಿಕಾರಿ ಕೇಳಿದರು.

ನೀಲಗಂಗವ್ವ "ಒಲ್ಲೆ" ಎಂದಳು. ಸಾಲು ಅವಳ ತುಟಿ ನೋಡಿತು.

"ಆಗಲಿ ಸರ್, ನೋಡೋಣ" ಎಂದಿತು ಅವಳ ಕೊರಳು.

"ಹೌದು" ಎಂದಿತು ಸಾಲು.

ಪರದೆಯ ಮೇಲೆ ಅಕ್ಷರ ಮೂಡಿದವು. ನೀಲಗಂಗವ್ವ ಎದ್ದು ನಿಂತಳು. ಒಲ್ಲೆ ಅಂದೆ, ನಾನು ಒಲ್ಲೆ ಅಂದೆ, ಆ ಬಾಗಿಲು ತೆಗೆದರೆ ಇನ್ನೊಂದು ಹೆಣ ಬೀಳುತ್ತದೆ ಎಂದು ಕಿರುಚಿದಳು. ಸಿಟ್ಟು ಏರಿದಷ್ಟೂ ಕೊರಳಿನ ದನಿ ಸಣ್ಣದಾಗಿ, ಸಕ್ಕರೆಯಂತೆ ಕರಗಿತು. "ನಿಮ್ಮ ಕಾಳಜಿಗೆ ನಾನು ಆಭಾರಿ. ಬಾಗಿಲು ತೆರೆಯುವ ವಿಷಯದಲ್ಲಿ ನಿಮ್ಮೊಂದಿಗೆ ಸಹಕರಿಸಲು ಇಷ್ಟಪಡುತ್ತೇನೆ." ಅವಳು ತಲೆ ಅಲ್ಲಾಡಿಸಿದಳು, ಎರಡೂ ಕೈ ಆಡಿಸಿದಳು.

"ತಲೆ ಅಲ್ಲಾಡಿಸೋದು ದಾಖಲೆಗೆ ಬರೋದಿಲ್ಲಮ್ಮ" ಎಂದರು ಅಧಿಕಾರಿ, ಬೇಸರವಿಲ್ಲದೆ. "ಕೂತ್ಕೊಳ್ಳಿ. ಎಷ್ಟು ಚೆನ್ನಾಗಿ ಮಾತಾಡ್ತೀರಿ ನೀವು."

ಮುಂದಿನ ಸಾಲಿನಲ್ಲಿ ಶೀತಗೃಹದ ಮಾಲೀಕ ಅಡಿಕೆ ಅಗಿಯುವುದನ್ನು ನಿಲ್ಲಿಸಿ ಅವಳ ಕೊರಳನ್ನೇ ನೋಡುತ್ತಿದ್ದ. ಏನೋ ಸಿಕ್ಕಿತು ಎಂಬಂತೆ. ಆ ನೋಟವನ್ನು ಅವಳು ಮರೆಯಲಿಲ್ಲ.

ಹೊರಗೆ ಬೇವಿನ ಮರದ ಕೆಳಗೆ ಶಮೀಮ ಕಾಯುತ್ತಿದ್ದಳು. ಅನಿಲ ಅವಳನ್ನು ಮುಟ್ಟಿರಲಿಲ್ಲ, ದನಿ ಅವಳದೇ.

"ಎಷ್ಟ ಚಂದ ಅಂದಿ ಚಿಗವ್ವ. ನೋಡೋಣ ಸರ್, ಸಹಕರಿಸ್ತೀನಿ ಸರ್. ನಮ್ಮವ್ವ ಬಾಗಿಲಾ ಬಡಕೋಂತ ಸತ್ಲು, ನೀ ಅಕಿ ಬಾಜೂಕ ಇದ್ದಿ. ಅದಕ್ಕೂ ನೋಡೋಣ ಅಂದಿದ್ದೇನು?"

ನೀಲಗಂಗವ್ವ ಬಾಯಿ ತೆರೆದಳು. ಏನು ಬಂದೀತು ಎಂದು ಅವಳಿಗೆ ಗೊತ್ತಿತ್ತು. ಬಾಯಿ ಮುಚ್ಚಿಕೊಂಡಳು. ಶಮೀಮ ಅದನ್ನು ತಪ್ಪೊಪ್ಪಿಗೆ ಎಂದುಕೊಂಡು ನೆಲಕ್ಕೆ ಉಗಿದು ಹೋದಳು.

ಪೇಟೆಯ ಕಚೇರಿಯ ಹಿಂದಿನ ಕೋಣೆಯಲ್ಲಿ ಮಾತಿನ ಪೆಟ್ಟಿಗೆಯಿತ್ತು. ಅದನ್ನು ನೋಡಿಕೊಳ್ಳುವವಳು ಶಿವಲೀಲಾ ಬಣಕಾರ, ಸುಸ್ವರ ಕಂಪನಿಯ ನೌಕರಿ. ಪಟ್ಟಿಗಳನ್ನು ಒಬ್ಬೊಬ್ಬರ ಕೊರಳಿಗೆ ಕಟ್ಟಿ ದನಿ ಹೊಂದಿಸಿದವಳೂ ಅವಳೇ. ನೀಲಗಂಗವ್ವ ಒಳಗೆ ಬಂದು ಅವಳ ಮೇಜಿನ ಮುಂದೆ ನಿಂತು, ಎಲ್ಲವನ್ನೂ ಹೇಳಿದಳು. ಹೇಳಲು ಒಂದು ಉಪಾಯ ಬೇಕಾಯಿತು. ಸಿಟ್ಟು ಬೆರೆತರೆ ಮಾತು ಬದಲಾಗುತ್ತಿತ್ತು. ಆದ್ದರಿಂದ ಯಾರದೋ ಮನೆಯ ಸುದ್ದಿಯೆಂಬಂತೆ, ಎದೆಯನ್ನು ಕಲ್ಲು ಮಾಡಿಕೊಂಡು, ಒಂದೊಂದೇ ಮಾತನ್ನು ಬಿಸಿ ಆರಿಸಿ ಹೊರಗಿಟ್ಟಳು. ತನ್ನ ಸಂಕಟವನ್ನು ತಾನೇ ಹೀಗೆ ಸಪ್ಪೆ ಮಾಡಿ ಹೇಳಬೇಕಾದದ್ದು ಅವಳಿಗೆ ಸಭೆಗಿಂತ ಹೆಚ್ಚು ಉರಿಯಿತು.

ಶಿವಲೀಲಾ ಪೆಟ್ಟಿಗೆಯ ಪರದೆಯನ್ನು ಅವಳ ಕಡೆ ತಿರುಗಿಸಿದಳು.

"ನೋಡು ಯವ್ವಾ. ನಿಮ್ಮ ಪಟ್ಟಿ ತಾವಾಗೇ ಮಾತು ಮಾಡೂದಿಲ್ಲ. ಮಾತು ಮಾಡೂ ವಿದ್ಯೆ ಇದರಾಗ ಐತಿ, ಇದಕ್ಕ ಲೈಬ್ರರಿ ಅಂತೀವಿ. ಊರಿಗೆಲ್ಲ ಒಂದ ಬಾವಿ ಇದ್ದಂಗ. ನಿಮ್ಮ ಪಟ್ಟಿ, ಬಸ್ ಸ್ಟ್ಯಾಂಡಿನ ಮೈಕು, ಬ್ಯಾಂಕಿನ ಕೌಂಟರು, ಕರೆಂಟ್ ಬಿಲ್ಲಿನ ಮಶೀನು, ಎಲ್ಲಾ ಇದರಾಗಿಂದನ ಸೇದ್ತಾವು. ನಾ ನಿಮಗ ಹಾಕಿದ್ದು ಐದನೇ ವರ್ಷನ್ನು, ಅಂದ್ರ ಐದನೇ ಆವೃತ್ತಿ. ಈಗೂ ಕೇಳಿದ್ರ ಐದು ಅನ್ನತೈತಿ."

ಕೇಳಿದಳು. ಪರದೆ "ಐದು" ಎಂದಿತು.

"ಆರು ಅಂತ ಒಂದು ಬಂದೈತಿ" ಎಂದು ಶಿವಲೀಲಾ ದನಿ ತಗ್ಗಿಸಿದಳು. "ಕೌಂಟರುಗಳಿಗಂತ ಮಾಡಿದ್ದು. ಮಂದಿ ಒದರ್ತಾರ, ಮಶೀನೂ ಒದರಬಾರದು ಅಂತ. ಸಿಟ್ಟು ಬಂದ್ರ ತಂಪು ಮಾಡತೈತಿ, ಇಲ್ಲ ಅನ್ನೂದನ್ನ ನೋಡೋಣ ಮಾಡತೈತಿ. ಆದ್ರ ನಿಮ್ಮ ಪಟ್ಟಿ ಐದು ಅಂತ ಹೆಸರು ಕೇಳಿದ್ರ ಮಾತ್ರ ಎಚ್ಚರಾಗೂ ಹಂಗ ಐತಿ. ಆರು ಅಂದ್ರ ಅದು ಬಾಯೇ ಬಿಡೂದಿಲ್ಲ. ಬೇರೆ ಬೇರೆ ಎರಡು ಇಡೂದು ಖರ್ಚು ಅಂತ ಯಾರೋ ಆರನ್ನ ತಂದಿಟ್ಟು, ಬಾಗಿಲಿಗೆ ಐದರ ಹಲಗಿನ ಉಳಿಸ್ಯಾರ ಅಂತ ಕಾಣ್ತದ. ಹೆಸರು ಕೇಳಿದವರಿಗೆ ಹಲಗಿ ಉತ್ತರ ಕೊಡತೈತಿ, ಒಳಗಿದ್ದದ್ದಲ್ಲ."

"ಒಳಗ ಹೊಕ್ಕು ನೋಡು" ಎಂದಳು ನೀಲಗಂಗವ್ವ, ಸಪ್ಪಗೆ.

"ಒಳಗ ನೋಡೂ ಅಧಿಕಾರ ನನಗಿಲ್ಲ. ಬೀಗ ಕಂಪನೀದು. ಬಸ್ ಸ್ಟ್ಯಾಂಡಿನ ಮೈಕಿನ ಮಾತು ಬದಲಾಗಿದ್ದ ಕೇಳಿ ಅನುಮಾನ ಬಂದು ಬೆಳಿಗ್ಗೆನ ಕೇಳಿದೆ. ಐದು ಅಂತ ಬರ್ತೈತಲ್ಲ, ಮತ್ತೇನ್ ಬೇಕು ಅಂದ್ರು. ಆಮ್ಯಾಲ ಮತ್ತ ಅವ್ರ ಫೋನ್ ಮಾಡಿ, ಶೀತಗೃಹದವರಿಂದ ಏನೂ ದೂರಿಲ್ಲಲ್ಲ, ಸುಮ್ಮನ ಯಾಕ ಅಂದ್ರು."

ಹೊರಗಿನಿಂದ ಕೇಳಿಯೇ ಒಳಗಿರುವುದು ಯಾವುದು ಎಂದು ತೋರಿಸಬೇಕು. ಐದು ಮಾಡುವ, ಆರು ಮಾಡಲಾರದ ಒಂದು ಕೆಲಸ ಬೇಕು ಎಂದಳು ಶಿವಲೀಲಾ. ಬೈಸಿ ನೋಡಿದಳು, ವಿನಯ ಬಂತು. ಆದರೆ ಈ ಹೆಂಗಸು ವಿನಯವಂತಳಲ್ಲ ಎಂದು ಯಾರು ಸಾಕ್ಷಿ ಹೇಳಬೇಕು? ಒಲ್ಲೆ ಅನ್ನಿಸಿದಳು, ನೋಡೋಣ ಬಂತು. ಮನಸ್ಸು ಬದಲಾಯಿಸಿದ್ದಾಳೆ ಎನ್ನುತ್ತಾರೆ. ಅರ್ಥವಿರುವ ಯಾವ ಮಾತನ್ನು ಕೊಟ್ಟರೂ ಪೆಟ್ಟಿಗೆ ಅದಕ್ಕೆ ಇನ್ನೊಂದು ಅರ್ಥವನ್ನು ತೊಡಿಸಿ ಕಳಿಸುತ್ತಿತ್ತು, ಮತ್ತು ಆ ಇನ್ನೊಂದು ಅರ್ಥವನ್ನು ನಂಬಲು ಜನರಿಗೆ ಅಡ್ಡಿಯೇ ಇರಲಿಲ್ಲ. ಹೆಂಗಸು ಮೆತ್ತಗೆ ಮಾತಾಡಿದರೆ ಯಾರಾದರೂ ಅನುಮಾನ ಪಡುತ್ತಾರೆಯೇ?

"ಏನೂ ಆಗೂದಿಲ್ಲ ಯವ್ವಾ" ಎಂದಳು ಶಿವಲೀಲಾ ಕೊನೆಗೆ. "ಸೋಮವಾರ ಕೊನೀ ಸಭೆ. ತಕರಾರಿದ್ದರ ಹೇಳ್ರಿ ಅಂತಾರ, ನಿಮ್ಮ ತಕರಾರು ಥ್ಯಾಂಕ್ಯೂ ಆಗಿ ಬರತೈತಿ, ಸಹಿ ಬೀಳತೈತಿ."

ನೀಲಗಂಗವ್ವ ಕಲ್ಲು ಮಾಡಿಕೊಂಡಿದ್ದ ಎದೆ ಅಲ್ಲಿಗೆ ಒಡೆಯಿತು. ಮಾತಿನಿಂದ ಇನ್ನು ಪ್ರಯೋಜನವಿಲ್ಲ. ಅವಳು ನೆಲದ ಮೇಲೆ ಕೂತು, ಅಂಗೈ ಮಡಚಿ, ಮುಂಗೈಯಿಂದ ಬಾಯಿ ಬಡಿದುಕೊಂಡಳು. ಹೋಳಿಯ ದಿನ ಕಾಮ ಸುಟ್ಟಾಗ ಊರಿಗೆ ಊರೇ ಹೊಯ್ಕೊಳ್ಳುವಂತೆ, ಹಾಳಾದ ಕಚೇರಿಯ ಮುಂದೆ ನಿಂತು ಜನ ಹೊಯ್ಕೊಳ್ಳುವಂತೆ, ಲಬೋ ಲಬೋ ಎಂದು.

ಅದರಲ್ಲಿ ಪದವಿಲ್ಲ, ಅರ್ಥವಿಲ್ಲ. ಬರಿಯ ಉಸಿರು, ಬರಿಯ ಕೈ.

ಕೊರಳಪಟ್ಟಿ ಒಂದು ಗಳಿಗೆ ತಡವರಿಸಿತು. ಆಮೇಲೆ ಸ್ಪಷ್ಟವಾಗಿ, ಸೌಜನ್ಯದಿಂದ ಹೇಳಿತು: "ದಯವಿಟ್ಟು ಸರದಿಯಲ್ಲಿ ನಿಲ್ಲಿ. ನಿಮ್ಮ ಟೋಕನ್ ಸಂಖ್ಯೆ ಬಂದಾಗ ಕರೆಯಲಾಗುವುದು."

ಶಿವಲೀಲಾಳ ಕೈಯಲ್ಲಿದ್ದ ಚಹಾದ ಲೋಟ ಹಾಗೇ ನಿಂತಿತು.

"ಇನ್ನೊಮ್ಮೆ ಹೊಯ್ಕೊ" ಎಂದಳು.

ಅವತ್ತು ಮನೆಗೆ ಬಂದಾಗ ಫಕ್ಕೀರಪ್ಪ ಕಟ್ಟೆಯ ಮೇಲೆ ಬೀಡಿ ಹಚ್ಚಿಕೊಂಡು ಕೂತಿದ್ದ. ಶಮೀಮ ಕೇರಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದಳು. ನೀಲಗಂಗವ್ವ ಮಾಲೀಕನ ಕಡೆ ಸೇರಿದಳು ಎಂದು. ಎದುರು ಮನೆಯ ದುರ್ಗವ್ವ, ಸಾಲಿನಲ್ಲಿ ಅವಳ ಬಲಕ್ಕೆ ಕೂರುವವಳು, ಸಭೆಯಲ್ಲಿ ತುಟಿಯ ಒಲ್ಲೆ ಕಂಡಿದ್ದರೂ ಪರದೆಯ ಅಕ್ಷರವನ್ನೇ ನಂಬಿ, ಅವಳನ್ನು ಕಂಡು ಬಾಗಿಲು ಮುಂದೆ ಮಾಡಿಕೊಂಡಳು.

"ಮಂದಿ ಏನರ ಅನ್ಲಿ" ಎಂದ ಫಕ್ಕೀರಪ್ಪ. "ನನಗ ಕೇಳಿದ್ರ ಈ ದನಿ ಛಲೋ ಐತಿ. ಮೂವತ್ತ ವರ್ಷ ಆತು ಲಗ್ನ ಆಗಿ, ಮನ್ಯಾಗ ಒಂದಿನ ಯಾರರ ನನಗ ಧನ್ಯವಾದ ಅಂದಾರೇನು? ರಿಪೇರಿ ಗಿಪೇರಿ ಮಾಡಿಸಬ್ಯಾಡ."

ಅವನು ಚೇಷ್ಟೆಗೇ ಅಂದಿದ್ದ. ಅವಳು ಅವನ ಎದುರು ಬಂದು ಕೂತಳು. ಪಟ್ಟಿ ಬಿಚ್ಚಿ ಅವನ ತೊಡೆಯ ಮೇಲಿಟ್ಟಳು. ಬರಿ ತುಟಿಯಲ್ಲಿ, ದನಿಯಿಲ್ಲದೆ, ನಿಧಾನವಾಗಿ ಏನೋ ಹೇಳಿದಳು. ಅವನಿಗೆ ತುಟಿ ಓದಲು ಬಾರದು. ಮೂವತ್ತು ವರ್ಷ ಅವನಿಗೆ ಅದರ ಅಗತ್ಯ ಬಿದ್ದಿರಲಿಲ್ಲ, ಅವಳ ದನಿ ಓಣಿಯ ಆ ತುದಿಗೂ ಕೇಳುತ್ತಿತ್ತು.

"ಏನಂದಿ?" ಎಂದ.

ಅವಳು ಮತ್ತೆ ಹೇಳಿದಳು. ಅವನು ಅವಳ ಮುಖವನ್ನೇ ನೋಡುತ್ತ ಕೂತ. ನಗು ಮೆಲ್ಲಗೆ ಇಳಿದುಹೋಯಿತು. ಬೀಡಿ ಆರಿಸಿದ, ತುಂಡನ್ನು ಎಲ್ಲಿಡಬೇಕೆಂದು ತಿಳಿಯದೆ ಮುಷ್ಟಿಯಲ್ಲೇ ಹಿಡಿದುಕೊಂಡ. ಆಮೇಲೆ ಎದ್ದು ದುರ್ಗವ್ವನ ಬಾಗಿಲಿಗೆ ಹೋಗಿ ಬಡಿದ.

"ಹೊರಗ ಬಾ ತಂಗಿ. ಇಕಿ ತುಟಿ ಏನ ಅನ್ನಾಕತ್ತೈತಿ ನನಗ ಓದಿ ಹೇಳು. ನೀ ಓದಿ, ಆಮ್ಯಾಲ ಬೇಕಾದ್ರ ಬಾಗಿಲಾ ಹಾಕ್ಕೊ."

ದುರ್ಗವ್ವ ಬಂದಳು, ಓದಿದಳು: ನಾ ಒಲ್ಲೆ ಅಂದೀನಿ, ಮಾತು ತಿರುವಿದ್ದು ಪಟ್ಟಿ. ಓದಿ ಮುಗಿಸಿದವಳು ತಿರುಗಿ ಹೋಗಿ ಸಾಲಿನ ಉಳಿದವರನ್ನು ಕರೆತಂದಳು.

ಸೋಮವಾರ ಸಭಾಭವನ ತುಂಬಿತ್ತು. ಸುಸ್ವರ ಕಂಪನಿಯಿಂದ ಕೋಟು ಹಾಕಿದ ಒಬ್ಬ ಬಂದಿದ್ದ. ಪೆಟ್ಟಿಗೆಯಲ್ಲಿರುವುದು ಐದನೆಯ ಆವೃತ್ತಿ ಎಂಬ ಪ್ರಮಾಣಪತ್ರ ತಂದಿದ್ದ. ಹೆಂಗಸರಿಗೆ ಈಗ ಮನಸ್ಸಿಗೆ ನೆಮ್ಮದಿ ಬಂದಿದೆ, ಅದಕ್ಕೇ ಅವರ ಮಾತು ಮೃದುವಾಗಿದೆ ಎಂದು ವಿವರಿಸಿದ. ಶೀತಗೃಹದ ಮಾಲೀಕ ತಲೆಯಾಡಿಸಿದ. ಶಮೀಮ ಹಿಂದಿನ ಗೋಡೆಗೆ ಒರಗಿ ಕೈಕಟ್ಟಿ ನಿಂತಿದ್ದಳು.

"ತಕರಾರು ಇದ್ದವರು ಹೇಳಬಹುದು" ಎಂದರು ಅಧಿಕಾರಿ, ಪೆನ್ನಿನ ಮುಚ್ಚಳ ತೆಗೆಯುತ್ತ.

ನೀಲಗಂಗವ್ವ ಎದ್ದು ನಿಂತಳು. ಮಾತಾಡಲಿಲ್ಲ. ಮುಂಗೈ ಎತ್ತಿ ಬಾಯಿ ಬಡಿದುಕೊಂಡಳು. ಸಾಲು ಅವಳನ್ನು ನೋಡಿತು, ಒಟ್ಟಿಗೆ ಎದ್ದಿತು, ಒಟ್ಟಿಗೆ ಬಡಿದುಕೊಂಡಿತು.

ಸಭೆಯಲ್ಲಿದ್ದ ಎಲ್ಲರಿಗೂ ಆ ಕೈ ಯಾವ ಸದ್ದು ಮಾಡುತ್ತದೆಂದು ಗೊತ್ತು. ಹುಟ್ಟಿದ ಲಾಗಾಯ್ತು ಕೇಳಿದ್ದಾರೆ, ತಾವೂ ಮಾಡಿದ್ದಾರೆ. ಆ ಸದ್ದು ಬರಲಿಲ್ಲ. ಕೆಂಪು ಕಣ್ಣಿನ, ಬಾಯಿ ಬಡಿದುಕೊಳ್ಳುವ ಹೆಂಗಸರ ಸಾಲಿನಿಂದ ಒಂದೇ ದನಿಯಲ್ಲಿ ಹೊರಟದ್ದು: "ದಯವಿಟ್ಟು ಸರದಿಯಲ್ಲಿ ನಿಲ್ಲಿ. ನಿಮ್ಮ ಟೋಕನ್ ಸಂಖ್ಯೆ ಬಂದಾಗ ಕರೆಯಲಾಗುವುದು. ದಯವಿಟ್ಟು ಸರದಿಯಲ್ಲಿ ನಿಲ್ಲಿ."

ಪರದೆಯ ಮೇಲೆ ಯಂತ್ರ ನಿಯತ್ತಿನಿಂದ ಬರೆಯುತ್ತ ಹೋಯಿತು. ಒಬ್ಬೊಬ್ಬಳ ಹೆಸರಿನ ಮುಂದೂ ಅದೇ ವಾಕ್ಯ. ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಆ ನಗು ಬೆಳೆಯಲಿಲ್ಲ. ಪಕ್ಕದವನು ಅವನ ಮೊಣಕೈ ಹಿಡಿದ. ಶಮೀಮ ಗೋಡೆ ಬಿಟ್ಟು ಮುಂದೆ ಬಂದಿದ್ದಳು, ಕೈ ತಾನಾಗಿ ಬಾಯಿಗೆ ಹೋಗಿತ್ತು.

ಅಧಿಕಾರಿ ಪೆನ್ನು ಕೆಳಗಿಟ್ಟರು. "ಇದೇನಿದು?"

"ಇದು ಬ್ಯಾಂಕಿನ ಕೌಂಟರಿನ ಮಾತು ರೀ" ಎಂದು ಶಿವಲೀಲಾ ಎದ್ದು ನಿಂತಳು. "ಆರನೇ ವರ್ಷನ್ನಿಗೆ ತಿಳಿಯದ ಸದ್ದು ಕೊಟ್ರ ಅದು ತನಗ ಗೊತ್ತಿದ್ದ ವಾಕ್ಯ ತಗದು ಒಗಿತೈತಿ. ಐದರಾಗ ಆ ವಾಕ್ಯನ ಇಲ್ಲ."

"ಐದರಲ್ಲೂ ಇರಬಹುದು" ಎಂದ ಕೋಟಿನವನು. "ಮತ್ತೆ ಈ ಥರ ಅರಚೋದಕ್ಕೆ ಯಾವ ಸಾಧನವೂ ಹೀಗೇ—"

ಶಿವಲೀಲಾ ಚೀಲದಿಂದ ಒಂದು ಕೊರಳಪಟ್ಟಿ ತೆಗೆದಳು. ಮಾದರಿಗೆಂದು ಕಂಪನಿಯೇ ಕೊಟ್ಟದ್ದು, ಕಪಾಟಿನಲ್ಲಿ ದೂಳು ಹಿಡಿದಿತ್ತು. "ಸಂತಿಯೊಳಗ ತೋರಸಾಕಂತ ಮಾಡಿದ್ದಿದು. ಐದರ ಸ್ವಂತ ಪ್ರತಿ ಇದರ ಹೊಟ್ಟ್ಯಾಗನ ಐತಿ. ಪೆಟ್ಟಿಗಿ ಕಡೆ ಕೈ ಚಾಚೂದಿಲ್ಲ. ಕಂಪನಿ ಮುದ್ರಿ ಇನ್ನೂ ಒಡದಿಲ್ಲ, ನೋಡಿಕೊಳ್ರಿ."

ಕೋಟಿನವನು ಮುದ್ರೆ ನೋಡಿದ. ಪಟ್ಟಿಯನ್ನು ತಿರುಗಿ ಕೊಟ್ಟ.

ನೀಲಗಂಗವ್ವನ ಕೊರಳಿಗೆ ಅದನ್ನು ಕಟ್ಟಿದರು. ಅವಳು ಮುಂಗೈ ಎತ್ತಿದಳು.

ಲಬೋ ಲಬೋ ಲಬೋ.

ಸಭಾಭವನದ ತಗಡಿನ ಮಾಡು ಅದುರಿತು. ಹೊರಗೆ ಬೇವಿನ ಮರದ ಮೇಲಿನ ಕಾಗೆಗಳು ಎದ್ದವು. ಒಂದು ವಾರದಿಂದ ಎದೆಯಲ್ಲಿ ಆರಿಸಿ ಆರಿಸಿ ಇಟ್ಟದ್ದೆಲ್ಲ, ಬಾಗಿಲು ಬಡಿದ ದಿನದಿಂದ ಒಳಗೆ ಉಳಿದದ್ದೆಲ್ಲ ಆ ದನಿಯಲ್ಲಿತ್ತು. ಅವಳು ಸಾಕು ಅನ್ನಿಸುವತನಕ ಹೊಯ್ಕೊಂಡಳು. ಯಾರೂ ತಡೆಯಲಿಲ್ಲ. ಪರದೆಯ ಯಂತ್ರಕ್ಕೆ ಬರೆಯಲು ಏನೂ ಸಿಗಲಿಲ್ಲ. ಅವಳ ಹೆಸರಿನ ಮುಂದೆ ಖಾಲಿ ಜಾಗ ಬಿಟ್ಟು ಕಾಯುತ್ತಿತ್ತು.

ಅಧಿಕಾರಿ ಆ ಖಾಲಿ ಜಾಗವನ್ನು ನೋಡಿದರು. ಆಮೇಲೆ, ಮೊದಲ ಸಲ ಅವಳ ಮುಖ ನೋಡಿ ಕೇಳಿದರು.

"ಶೀತಗೃಹ ತೆರೆಯೋದಕ್ಕೆ ನಿಮ್ಮ ಒಪ್ಪಿಗೆ ಇದೆಯಾ?"

"ಒಲ್ಲೆ" ಎಂದಳು ನೀಲಗಂಗವ್ವ.

ಪರದೆ ಅದನ್ನು ಬರೆಯಿತು. ಆದರೆ ಮಾದರಿ ಪಟ್ಟಿ ಇದ್ದದ್ದು ಒಂದೇ. ಸಾಲಿನ ಉಳಿದವರ ಕೊರಳಲ್ಲಿ ಇನ್ನೂ ಆರೇ ಕೂತಿತ್ತು. ಅವರು ಒಲ್ಲೆ ಎಂದರೆ ನೋಡೋಣ ಎಂದಾಗುತ್ತಿತ್ತು. ಅಧಿಕಾರಿ ಅವರ ಕಡೆ ತಿರುಗಿ, "ಇವರು ಹೇಳಿದ್ದೇ ನಿಮ್ಮೆಲ್ಲರ ಮಾತೇನಮ್ಮ?" ಎಂದರು. ಕೋಟಿನವನ ಮುಖದಲ್ಲಿ ಸ್ವಲ್ಪ ಜೀವ ಬಂತು.

ಸಾಲು ನೀಲಗಂಗವ್ವನ ತುಟಿ ನೋಡಿತು. ಆರು ಈ ಲೋಕದಲ್ಲಿ ಕೈ ಹಚ್ಚದೆ ಬಿಟ್ಟ ಮಾತು ಒಂದಿತ್ತು. ಅದನ್ನು ಬದಲಾಯಿಸುವ ಅಗತ್ಯ ಅದಕ್ಕೆ ಎಂದೂ ಬಿದ್ದಿರಲಿಲ್ಲ.

"ಹೌದು" ಎಂದಿತು ಸಾಲು.

ಶೀತಗೃಹದ ಬಾಗಿಲು ಈಗಲೂ ಮುಚ್ಚಿದೆ. ಸುಸ್ವರದವರು ಐದನ್ನು ಮರಳಿ ತಂದರು, ತಾಂತ್ರಿಕ ದೋಷ ಎಂದು ಅರ್ಧ ಸಾಲು ಬರೆದು ಕೈ ತೊಳೆದುಕೊಂಡರು. ಶಿವಲೀಲಾಳನ್ನು ಕೆಲಸದಿಂದ ತೆಗೆದರು. ಈಗ ಅವಳು ಪೇಟೆಯ ಎದುರೇ ಸಣ್ಣ ರಿಪೇರಿ ಅಂಗಡಿ ಇಟ್ಟಿದ್ದಾಳೆ. ಪೇಟೆಯ ಕಚೇರಿಯ ಗೋಡೆಗೆ ಹೊಳೆಯುವ ಹಲಗೆಯೊಂದು ಬಂದಿದೆ. ಯಾರು ಯಾವಾಗ ನೋಡಿದರೂ ಅದು "ಆವೃತ್ತಿ: ಐದು" ಎಂದು ತೋರಿಸುತ್ತದೆ.

ಅದನ್ನು ಯಾರೂ ಓದುವುದಿಲ್ಲ. ದಿನಾ ಬೆಳಗ್ಗೆ ರಾಶಿಗೆ ಕೂರುವ ಮೊದಲು ಪೇಟೆಯ ಬಾಗಿಲಲ್ಲಿ ಹೆಂಗಸರು ಸಾಲಾಗಿ ನಿಲ್ಲುತ್ತಾರೆ. ಮುಂಗೈ ಎತ್ತಿ ಒಮ್ಮೆ ಹೊಯ್ಕೊಳ್ಳುತ್ತಾರೆ, ಸದ್ದು ಸದ್ದಾಗಿಯೇ ಬಂತೋ ಎಂದು ಕೇಳುತ್ತಾರೆ, ಆಮೇಲೆ ಒಳಗೆ ಹೋಗುತ್ತಾರೆ. ದನಿ ಇದ್ದ ಶಮೀಮಳೂ ಅವರೊಡನೆ ನಿಲ್ಲುತ್ತಾಳೆ.

ಹೊಸದಾಗಿ ಪೇಟೆಗೆ ಬಂದ ವ್ಯಾಪಾರಿಯೊಬ್ಬ ಮೊನ್ನೆ ಕಿವಿ ಮುಚ್ಚಿಕೊಂಡು ಕೇಳಿದ. "ಏನ್ರಬೇ ಇದು, ಮುಂಜಾನೆದ್ದು ಬಾಗಿಲಾಗ ಯಾರ ಸತ್ತಾರಂತ ಹಿಂಗ ಹೊಯ್ಕೋತೀರಿ? ವ್ಯಾಪಾರ ಆಗೂ ಹೊತ್ತಿನ್ಯಾಗ ಅಪಶಕುನ."

"ಸತ್ತಾಕಿ ಹೆಸರು ಹಜರತಬಿ" ಎಂದಳು ನೀಲಗಂಗವ್ವ. "ನಿನಗ ಕೇಳಾಕ ಆಗದಿದ್ರ ಕಿವ್ಯಾಗ ಮೆಣಸಿನಕಾಯಿ ತುರಕ್ಕೊಂಡು ಕುಂಡ್ರು, ನಿನ್ನ ವ್ಯಾಪಾರಕ್ಕ ಮಣ್ಣ ಬೀಳ್ಲಿ."

ಒಂದಕ್ಷರವೂ ಬದಲಾಗದೆ ಬಂತು. ಸಾಲು ಅವಳ ತುಟಿ ನೋಡಿತು, ಕಿವಿಯಿಂದಲೂ ಕೇಳಿತು, ಒಳಗೆ ಹೋಗಿ ರಾಶಿಗೆ ಕೂತಿತು.